ಬಲಜೇಬು

ಗಾಜಿನ ಕೆಳಗೆ ಸಾಲಾಗಿ ಮಲಗಿದ್ದವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ತೋರಿಸಲೆಂದು ವರ್ಲೀನ್ ಬೆರಳೆತ್ತಿದಳು. ಎತ್ತಿದ ಬೆರಳನ್ನು ಕಂಡು ತಾನೇ ಬೆಚ್ಚಿ, ಅದನ್ನು ಅಂಗೈಯೊಳಕ್ಕೆ ಮಡಚಿಕೊಂಡು, ಗದ್ದ ಚಾಚಿ, "ಆ ಪುಟ್ಟದು" ಎಂದಳು. ಕೋರ್ಟಿನ ಆ ದಿನದಿಂದೀಚೆಗೆ ಅವಳು ಯಾವುದನ್ನೂ ಬೆರಳಿನಿಂದ ತೋರಿಸಿದವಳಲ್ಲ. ಬೇಕರಿಯಲ್ಲಿ ಬ್ರೆಡ್ಡನ್ನು ಹೆಸರು ಹಿಡಿದು ಕೇಳುತ್ತಿದ್ದಳು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಗಲಿಲಾಯದ ಸಮುದ್ರ ಎಲ್ಲಿದೆಯೆಂದು ನಕಾಶೆಯಲ್ಲಿ ತೋರಿಸುವಾಗ ಪೆನ್ಸಿಲ್ ಹಿಡಿಯುತ್ತಿದ್ದಳು. ಇದನ್ನು ಯಾರೂ ಗಮನಿಸಿರಲಿಲ್ಲ. ವಯಸ್ಸಾದ ಹೆಂಗಸಿನ ಬೆರಳು ಎತ್ತ ಹೋಗುತ್ತದೆ ಎಂದು ನೋಡುತ್ತ ಕೂರಲು ಯಾರಿಗೆ ತಾನೇ ಪುರುಸೊತ್ತು.

ಬಂದೂಕಿನ ಅಂಗಡಿಯ ಲೊವೆಲ್ ಅವಳ ಗಂಡ ಹಾಯ್ಟ್‌ನ ಜೊತೆ ಶಾಲೆಗೆ ಹೋದವನು, ಹಾಯ್ಟ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಅವನು ಆ ಪುಟ್ಟ ಪಿಸ್ತೂಲನ್ನು ಹೊರತೆಗೆದ. ಹಿಡಿಯ ಅಡಿಯಿಂದ ಗುಂಡಿನ ಡಬ್ಬಿಯನ್ನು ಜಾರಿಸಿ ಪಕ್ಕಕ್ಕಿಟ್ಟ. ಮೇಲಿನ ಉಕ್ಕಿನ ಸ್ಲೈಡನ್ನು ಹಿಂದಕ್ಕೆಳೆದು ಸಿಕ್ಕಿಸಿ, ತೆರೆದ ಬಾಯೊಳಗೆ ಇಣುಕಿ ನೋಡಿ, ಅದೂ ಸಾಲದೆಂಬಂತೆ ಕಿರುಬೆರಳನ್ನು ತೂರಿಸಿ ನೋಡಿ, ಹಿಡಿಯ ಕಡೆಯಿಂದ ಅವಳಿಗೆ ಕೊಟ್ಟ. ವರ್ಲೀನ್ ಇಸಿದುಕೊಂಡವಳೇ ಮುಷ್ಟಿ ಬಿಗಿದಳು. ಲೊವೆಲ್‌ನ ಅಂಗೈ ಮೆಲ್ಲಗೆ ಅವಳ ಕೈಯ ಮೇಲೆ ಬಂದು ಕೂತಿತು.

"ನೋಡ್ಲೇ ಇಲ್ವಲ್ಲ ನೀವು."

"ನೀನು ನೋಡಿದ್ಯಲ್ಲ ಲೊವೆಲ್. ಬೆರಳು ಬೇರೆ ಹಾಕಿ ನೋಡ್ದೆ."

"ನಾನ್ ನೋಡಿದ್ದು ನನಗಾಯ್ತು ಮಿಸ್ ವರ್ಲೀನ್. ನನ್ನ ಕೈಯಿಂದ ನಿಮ್ಮ ಕೈಗೆ ಬಂದ್ಮೇಲೆ ನೀವೂ ಒಂದ್ಸಲ ನೋಡ್ಬೇಕು. ಪಾದ್ರಿ ಕೊಟ್ರೂ ನೋಡ್ಬೇಕು, ಹೆತ್ತಪ್ಪ ಕೊಟ್ರೂ ನೋಡ್ಬೇಕು. ಬೇರೆ ಕಡೆ ನಂಬೋದು ಮರ್ಯಾದೆ. ಇಲ್ಲಿ ನಂಬ್ದೆ ಇರೋದೇ ಮರ್ಯಾದೆ."

ಕೌಂಟರಿನ ಆ ತುದಿಯಲ್ಲಿ ಕಾಡುಕೋಳಿ ಬೇಟೆಯ ತೋಟೆಗಳನ್ನು ಆರಿಸುತ್ತಿದ್ದ ಗಾರ್ಲೆಂಡ್ ಹೈಸ್ ಕಿಸಕ್ಕನೆ ನಕ್ಕ. ಅವನು ಚರ್ಚಿನಲ್ಲಿ ಕಾಣಿಕೆಯ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಬರುವವನು. ತಟ್ಟೆಗೆ ಹಾಕದವರ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುವ ಅಭ್ಯಾಸದವನು. "ಸಿಸ್ಟರ್ ವರ್ಲೀನ್‌ಗೆ ಮನುಷ್ಯರ ಮೇಲೆ ಭಾರೀ ನಂಬ್ಕೆ" ಎಂದ. ಈ ಊರಲ್ಲಿ ಹಿರಿಯ ಹೆಂಗಸರು ಗಂಡ ಇದ್ದರೂ ಸತ್ತರೂ ಮಿಸ್, ಚರ್ಚಿನವರಿಗೆ ಸಿಸ್ಟರ್. ವರ್ಲೀನಳ ಕಿವಿಯ ತುದಿ ಬಿಸಿಯಾಯಿತು. ಈ ಗುಡ್ಡಗಳಲ್ಲಿ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಲ್ಲುಜ್ಜುವುದನ್ನು ಕಲಿಯುವ ವಯಸ್ಸಿನಲ್ಲೇ ಕಲಿಯುತ್ತಾರೆ. ನೋಡದೆ ಇಸಿದುಕೊಂಡದ್ದಕ್ಕೆ ಅವಳಪ್ಪ ಒಮ್ಮೆ ಮೊಣಕೈಗೆ ಬಾರಿಸಿದ್ದ, ಆ ಉರಿ ಇನ್ನೂ ನೆನಪಿದೆ. ಅಷ್ಟು ಕಾಲ ಮರೆಯದ್ದನ್ನು ಇವತ್ತು ಮರೆತಳು. ಇವತ್ತಲ್ಲ, ಮರೆತದ್ದು ಅವತ್ತು. ಅಡುಗೆಮನೆಯ ಮೇಜಿನ ಮೇಲೆ ಷರೀಫನ ಕಚೇರಿಯ ಪೊಲೀಸಿನವ ಪ್ರುವಿಟ್ ಶಂಕಿತರ ಫೋಟೊಗಳನ್ನು ಇಸ್ಪೀಟಿನೆಲೆಯಂತೆ ಹರಡಿದಾಗ ಅವಳ ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿತ್ತು, ಪಕ್ಕದ ಕೋಣೆಯಲ್ಲಿ ಹಾಯ್ಟ್ ಕಳುವಾದ ನೋವಿನ ಮಾತ್ರೆಗಳಿಗಾಗಿ ನರಳುತ್ತಿದ್ದ. ಪ್ರುವಿಟ್ ಒಳ್ಳೆಯವನು, ಕಾಫಿ ಕುಡಿದ ಲೋಟವನ್ನು ತಾನೇ ತೊಳೆದಿಟ್ಟಿದ್ದ. "ನಾವು ಎಲ್ಲಾ ನೋಡಿದೀವಿ ಮಿಸ್ ವರ್ಲೀನ್. ಖಾತ್ರಿ ಮಾಡ್ಕೊಂಡೇ ಬಂದಿದೀವಿ. ನೀವು ಬರೀ ಹೌದು ಅನ್ನಿ ಸಾಕು" ಎಂದಿದ್ದ. ಅವನ ಉಗುರು ಒಂದು ಫೋಟೊದ ಅಂಚನ್ನು ಮುಟ್ಟಿಕೊಂಡು ಕೂತಿತ್ತು. ಅವಳು ಮುಖಗಳನ್ನು ನೋಡುವ ಮೊದಲೇ ಆ ಉಗುರನ್ನು ನೋಡಿಬಿಟ್ಟಿದ್ದಳು.

"ಎಳೀರಿ, ಎಳ್ದು ನೋಡಿ" ಎಂದ ಲೊವೆಲ್. ಸ್ಲೈಡನ್ನು ಅವನು ಈಗ ಮುಂದಕ್ಕೆ ಬಿಟ್ಟು ಮುಚ್ಚಿದ್ದ. ಅದನ್ನು ಹಿಂದಕ್ಕೆಳೆದರೆ ತಾನೇ ಮೊದಲ ಗುಂಡು ಒಳಸೇರುವುದು. ವರ್ಲೀನ್ ಎಡಗೈಯಿಂದ ಎಳೆದಳು. ಬಲ ಮಣಿಕಟ್ಟಿನ ಹಳೆಯ ಮುರಿತದಲ್ಲಿ ಛಳಕು ಎದ್ದಿತು, ಸ್ಲೈಡು ಒಂದು ಕೂದಲೆಳೆಯಷ್ಟು ಸರಿದು ಅಲ್ಲೇ ನಿಂತಿತು. ಮತ್ತೆ ಎಳೆದಳು. ಬಾಗಿಲ ಬಳಿ ನಿಂತಿದ್ದ ಗಂಡಹೆಂಡಿರು ಮರ್ಯಾದೆಗಾಗಿ ಬೇರೆ ಕಡೆ ನೋಡಿದರು. ಅವರು ನೋಡದಿದ್ದದ್ದೇ ಹೆಚ್ಚು ಚುಚ್ಚಿತು. ಇಷ್ಟು ಪುಟ್ಟದಕ್ಕೆ ಇಷ್ಟು ಹಟವೇ ಎಂದು ಅವಳಿಗೆ ಅಳುವೇ ಬರುವಂತಾಯಿತು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲಾಗದೆ ಅದನ್ನು ಹಾಗೇ ಕಪಾಟಿಗೆ ಮರಳಿಸಿದ ಸಂಜೆಗಳು ನೆನಪಾದವು. ಮುಚ್ಚಳ ತೆಗೆಯಲು ಹಾಯ್ಟ್ ಇದ್ದ, ಈಗ ಇಲ್ಲ. ಅವನ ಜಿಂಕೆಬೇಟೆಯ ಬಂದೂಕನ್ನು ಕೂಡ ಅವನ ತಮ್ಮನ ಮಗ ಒಯ್ದುಬಿಟ್ಟಿದ್ದ.

"ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು ಅಂದ್ಕೊಂಡು ಎಲ್ರೂ ಬರ್ತಾರೆ" ಎಂದು ಲೊವೆಲ್ ಸಮಾಧಾನದ ದನಿಯಲ್ಲಿ ಹೇಳಿದ. "ಇದು ಚಿಕ್ಕದಿರೋದು ಕೈಗೋಸ್ಕರ ಅಲ್ಲಮ್ಮ, ಜೇಬಿಗೋಸ್ಕರ. ಚಿಕ್ಕದಾದಷ್ಟೂ ಒಳಗಿನ ಸ್ಪ್ರಿಂಗು ಬಿಗಿ, ಚಿಕ್ಕದಾದಷ್ಟೂ ಒದೆಯೋದು ಜಾಸ್ತಿ. ದೊಡ್ಡದು ಸಾಧು ಎತ್ತು. ಇವು ಹೇಸರಗತ್ತೆ ಮರಿಗಳು."

"ಆ ಗುಲಾಬಿ ಬಣ್ಣದ್ದು ಕೊಡು ಲೊವೆಲ್, ಸಿಸ್ಟರ್‌ನ ಟೋಪಿಗೆ ಒಪ್ಪುತ್ತೆ" ಎಂದ ಗಾರ್ಲೆಂಡ್.

"ನಿನ್ ಕೋಳಿ ನೀನ್ ಹೊಡ್ಕೋ ಗಾರ್ಲೆಂಡ್" ಎಂದಳು ವರ್ಲೀನ್. ಲೊವೆಲ್ ನಕ್ಕ. 

ಗಾರ್ಲೆಂಡ್‌ಗೆ ಬೇಸರವಾಗಲಿಲ್ಲ, ಬೇಸರವಾಗುವ ಜಾತಿಯಲ್ಲ ಅವನದು. ಹತ್ತಿರ ಬಂದು ತನ್ನ ಪ್ಯಾಂಟಿನ ಬಲಜೇಬನ್ನು ತಟ್ಟಿ ತೋರಿಸಿದ. ಅಲ್ಲೊಂದು ಇತ್ತು. ಬೆಳಿಗ್ಗೆ ಹಲ್ಲಿನ ಸೆಟ್ಟು ಬಾಯಿಗೆ, ಇದು ಜೇಬಿಗೆ, ಅದರ ಮೇಲೆಯೇ ಕಾಫಿ ಎಂದು ಹೇಳಿ, ದನಿ ತಗ್ಗಿಸಿ, "ನೀವ್ ಮಾಡ್ತಿರೋದು ಸರಿ ಸಿಸ್ಟರ್. ಆ ಹುಡುಗ ಊರಿಗೇ ಬಂದಿದ್ದಾನಂತೆ. ಚಿಕ್ಕಮ್ಮನ ಮನೇಲಿ ಇದಾನಂತೆ. ನಿಮ್ ಮೇಲೆ ಹಲ್ಲು ಕಡೀತಿರ್ತಾನೆ, ಇಲ್ದೆ ಇರ್ತಾನಾ" ಎಂದ. ಆ ಹುಡುಗ ಎಂದಾಗ ವರ್ಲೀನ್ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳಂತೆ ಸುಮ್ಮನೆ ತನ್ನ ಕಾಲರನ್ನು ಸರಿಪಡಿಸಿಕೊಂಡಳು. ಹೆಸರು ಯಾರೂ ಹೇಳುವುದಿಲ್ಲ. ಕೋಲ್ಬಿ ಸ್ಟಿಲ್‌ವೆಲ್. ಇಷ್ಟು ವರ್ಷಗಳಾದ ಮೇಲೆ ಹೋದ ತಿಂಗಳು ಜೈಲಿನಿಂದ ಫೋನು ಬಂದಿತ್ತು, ಮನುಷ್ಯರದ್ದಲ್ಲ, ಯಂತ್ರದ ಹೆಂಗಸಿನದ್ದು. ನಿಮ್ಮ ಪ್ರಕರಣದ ಕೈದಿ ಬಿಡುಗಡೆಯಾಗಿದ್ದಾನೆ, ಮತ್ತೊಮ್ಮೆ ಕೇಳಬೇಕಿದ್ದರೆ ಒಂದನ್ನು ಒತ್ತಿ. ಅವಳು ಒಂದನ್ನು ಒತ್ತಿದಳು. ಮತ್ತೆ ಒತ್ತಿದಳು. ಬೇಯಲು ಇಟ್ಟಿದ್ದ ಬೀನ್ಸ್ ತಳ ಹಿಡಿಯುವವರೆಗೂ ಒತ್ತುತ್ತಲೇ ಇದ್ದಳು. ಅವತ್ತಿನಿಂದ ಅವಳಿಗೆ ಹಿಡಿದಿದ್ದ ಭಯಕ್ಕೆ ಎರಡು ಬಾಯಿ. ಕಳ್ಳ ಅವನೇ ಆಗಿದ್ದರೆ ಅವನು ಬರಬಹುದು ಎಂಬುದೊಂದು. ಅವನಲ್ಲದಿದ್ದರೆ ಅವನು ಬರಲೇಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಗಾರ್ಲೆಂಡ್‌ನೊಡನೆಯೂ ಹೇಳಿಕೊಳ್ಳಬಹುದು. ಎರಡನೆಯದನ್ನು ಅವಳು ದೇವರಿಗೂ ಹೇಳಿರಲಿಲ್ಲ, ಪ್ರಾರ್ಥನೆಯಲ್ಲಿ ಆ ಮಾತು ಹತ್ತಿರ ಬಂದಾಗಲೆಲ್ಲ ಬೇಗ ಆಮೆನ್ ಎಂದುಬಿಡುತ್ತಿದ್ದಳು.

ಲೊವೆಲ್ ಒಳಗಿನಿಂದ ಒಂದು ರಿವಾಲ್ವರನ್ನು ತಂದ. ಐದೇ ಗುಂಡಿನದು, ಯಾರೋ ಬಳಸಿ ಮಾರಿದ್ದು, ಹಿಡಿಯ ಒಂದು ಮೂಲೆ ಸವೆದಿತ್ತು, ಹಾಗಾಗಿಯೇ ಅವಳ ಕೈಗೆಟುಕುವ ಬೆಲೆ. ಮೈ ಹಗುರ ಲೋಹ, ಗುಂಡಿಗೆ ಬಡಿಯುವ ಹಿಂದಿನ ಸುತ್ತಿಗೆ ಒಳಗೇ ಅಡಗಿದೆ, ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವ ಕೊಕ್ಕೆಯೇನೂ ಇಲ್ಲ. ಎಳೆಯಲು ಸ್ಲೈಡೂ ಇಲ್ಲ. ಅವನು ಗುಂಡು ತುಂಬುವ ಉರುಳೆಯನ್ನು ಪಕ್ಕಕ್ಕೆ ತೆರೆದು, ಐದೂ ತೂತುಗಳ ಮೂಲಕ ಕಿಟಕಿಯ ಬೆಳಕನ್ನು ನೋಡಿ, ಅವಳಿಗೆ ಕೊಟ್ಟ. ಈ ಸಲ ಅವಳೂ ನೋಡಿದಳು. ಐದು ಪುಟ್ಟ ಬೆಳಕಿನ ಬಿಲ್ಲೆಗಳು. ಒಂದೊಂದರೊಳಗೂ ಅಂಗಡಿಯೆದುರಿನ ರಸ್ತೆ, ಟ್ರಕ್ಕಿನ ಬಾಲ, ಆಕಾಶ. ಖಾಲಿ ಎಂಬುದು ಇಷ್ಟು ಸರಳವಾಗಿ ಕಾಣುವ ಸಂಗತಿಯಾಗಿತ್ತು. ಕಣ್ಣು ಹತ್ತಿರ ಒಯ್ದರೆ ಸಾಕಿತ್ತು.

"ಆ ಗಡಿಯಾರದ ಕೆಳಗೆ ಗೋಡೇಲಿ ಕಲೆ ಇದೆ ನೋಡಿ, ಅಲ್ಲಿಗೆ ಹಿಡೀರಿ. ಆ ಗೋಡೆ ಹಿಂದೆ ಗುಡ್ಡ, ಇನ್ನೇನಿಲ್ಲ. ಈಗ ಒತ್ತಿ. ಗಟ್ಟಿ ಇರುತ್ತೆ. ಗಟ್ಟಿ ಇರ್ಬೇಕು."

ಅವಳು ಹಿಡಿದಳು. ಒತ್ತುವ ಕುದುರೆಯ, ಆ ಟ್ರಿಗರಿನ ಮೇಲೆ ಯಾವ ಬೆರಳಿಡುವುದು ಎಂದು ಯೋಚಿಸಬೇಕಾಗಲಿಲ್ಲ, ಅದೇ ಬೆರಳು. ಮೊದಲ ಗಿಣ್ಣಿನವರೆಗೂ ತೂರಿಸಿ ಒತ್ತಿದಳು. ಉರುಳೆ ಮೆಲ್ಲಗೆ ತಿರುಗತೊಡಗಿತು. ಗೋಡೆಯ ಕಲೆ ಅಗಲವಾಯಿತು, ಅದಕ್ಕೊಂದು ಹೆಗಲು ಬಂತು. ಮುಚ್ಚಂಜೆ. ಅಡುಗೆಮನೆಯಲ್ಲಿ ದೀಪ ಹಾಕಿಲ್ಲ. ಫ್ರಿಜ್ಜಿನ ಬಾಗಿಲು ತೆರೆದಿದೆ, ಅದರ ಹಳದಿ ಬೆಳಕಿನಲ್ಲಿ ಒಬ್ಬ ಬಗ್ಗಿದ್ದಾನೆ, ಹಾಯ್ಟ್‌ನ ಔಷಧಿಯ ಡಬ್ಬ ಅವನ ಕಂಕುಳಲ್ಲಿದೆ. ಅವಳು ಯಾರದು ಎನ್ನುತ್ತಾಳೆ. ಅವನು ತಿರುಗುತ್ತಾನೆ, ನುಗ್ಗುತ್ತಾನೆ, ಹೆಗಲು ಅವಳೆದೆಗೆ ಬಡಿಯುತ್ತದೆ, ಅವಳು ಕೈಯೂರಿ ಬೀಳುತ್ತಾಳೆ, ಮಣಿಕಟ್ಟು ಒಣ ಕಡ್ಡಿಯಂತೆ ಮುರಿಯುತ್ತದೆ. ಅವನು ತಿರುಗಿದ ಆ ಒಂದು ಗಳಿಗೆಯಲ್ಲಿ ಮುಖವಿತ್ತು. ಇದ್ದೇ ಇರಬೇಕು, ಮುಖವಿಲ್ಲದ ಮನುಷ್ಯರಿರುತ್ತಾರೆಯೆ. ಆದರೆ ಅವಳು ಆ ಮುಖವನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಕಾಣುವುದು ಕೋಲ್ಬಿಯ ಮುಖ, ಅದರ ಕೆಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಯಾರದೋ ಸಾಲದ ಟೈ. ಕಳ್ಳತನಕ್ಕೆ ಬಂದವನು ಟೈ ಕಟ್ಟಿಕೊಂಡು ಬರುತ್ತಾನೆಯೆ. ಕೋರ್ಟಿನಲ್ಲಿ ಕೂತಿದ್ದವನು ಎದ್ದು ಹಿಂದಕ್ಕೆ ನಡೆದು ಅವಳ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮುಂದೆ ನಿಂತುಬಿಟ್ಟಿದ್ದ. ಆ ಜಾಗದಲ್ಲಿ ಮೊದಲು ನಿಂತಿದ್ದವನು ಯಾರೋ, ಅವನನ್ನು ಇವನು ಅಳಿಸಿಬಿಟ್ಟಿದ್ದ. ಅವಳು ಫ್ರಿಜ್ಜಿನೊಳಗಿನ ಬಲ್ಬನ್ನು ತಿರುಚಿ ತೆಗೆದಿಟ್ಟು ಕಾಲವಾಯಿತು. ಈಗ ಹಾಲನ್ನು ಕತ್ತಲಲ್ಲೇ ತಡವಿ ತೆಗೆಯುತ್ತಾಳೆ. ಆದರೂ ಬಾಗಿಲು ತೆರೆದಾಗ ಅವನ ಬಿಳಿ ಅಂಗಿ ಕಾಣುತ್ತದೆ.

ಟಕ್ ಎಂದಿತು ಖಾಲಿ ರಿವಾಲ್ವರು.

"ಭೇಷ್" ಎಂದ ಲೊವೆಲ್. "ಹೇಸರಗತ್ತೆ ನಿಮ್ಮ ಮಾತು ಕೇಳ್ತು. ಹೊರಡೋ ಮುಂಚೆ ಹಿಂದಿನ ಬಯಲಲ್ಲಿ ನಾಲ್ಕು ಗುಂಡು ಹಾರಿಸಿ ನೋಡಿ, ಹಗುರದ್ದು ಕೊಡ್ತೀನಿ."

"ಬೇಡ."

"ಹಾರಿಸ್ದೆ ಇಟ್ಕೋಬಾರ್ದು."

"ಇನ್ನೊಂದಿನ ಬರ್ತೀನಿ ಲೊವೆಲ್. ಇವತ್ತು ಕೈ ನೋಯ್ತಿದೆ."

ಲೊವೆಲ್ ಅವಳ ಹೆಸರು, ಹುಟ್ಟಿದ ದಿನ ಇತ್ಯಾದಿಗಳನ್ನು ರಾಜ್ಯದ ಪೊಲೀಸಿಗೆ ತಿಳಿಸಿ ಉತ್ತರಕ್ಕಾಗಿ ಕಾಯುವಷ್ಟು ಹೊತ್ತು ಅವಳು ಕುರ್ಚಿಯಲ್ಲಿ ಕೂತು ಗೋಡೆಯ ಮೇಲಿನ ಜಿಂಕೆತಲೆಯನ್ನು ನೋಡುತ್ತಿದ್ದಳು. ಇಲ್ಲ ಎನ್ನಲಿ ಎಂದು ಒಂದು ಮನಸ್ಸು ಬೇಡಿಕೊಂಡಿತು. ಎಲ್ಲೋ ಯಾವುದೋ ಕಚೇರಿಯಲ್ಲಿ ಯಾರೋ ಒಬ್ಬರು, ತಡೆಯಿರಿ, ಈ ಹೆಂಗಸಿನದೊಂದು ವಿಷಯವಿದೆ ಎನ್ನಬಾರದೆ. ಕೋರ್ಟಿನಲ್ಲಿಯೂ ಹೀಗೇ ಕಾದಿದ್ದಳು. ಆ ದಿನ ನಿಮ್ಮ ಮನೆಯಲ್ಲಿ ಕಂಡ ಮನುಷ್ಯ ಈ ಕೋಣೆಯಲ್ಲಿದ್ದಾನೆಯೇ ಎಂದು ವಕೀಲ ಕೇಳಿದಾಗ, ಯಾರಾದರೂ ಎದ್ದು, ಇದೆಂಥ ಪ್ರಶ್ನೆ, ಆ ಕುರ್ಚಿಯಲ್ಲಿ ಕೂರಿಸಿರುವುದು ಒಬ್ಬನನ್ನೇ ಅಲ್ಲವೆ, ಎನ್ನಬಹುದೆಂದು ಕಾದಿದ್ದಳು. ಯಾರೂ ಏಳಲಿಲ್ಲ. ಊರಿಗೆ ಊರೇ ಅವಳ ಪ್ಲಾಸ್ಟರಿನ ಕೈಯನ್ನು ನೋಡುತ್ತಿತ್ತು. ಗಂಡನನ್ನು ಮಣ್ಣು ಮಾಡಿ ಬಂದಿದ್ದ ಹೆಂಗಸು, ಅವಳ ಗಂಡ ಕೊನೆಯ ವಾರ ನೋವಿನಲ್ಲಿ ಹಲ್ಲು ಕಚ್ಚಿ ಸತ್ತದ್ದು ಒಬ್ಬ ಕಳ್ಳನಿಂದ, ಆ ಕಳ್ಳ ಯಾರಾದರೂ ಆಗಿರಲೇಬೇಕಿತ್ತು. ಹಾಯ್ಟ್‌ಗಾಗಿ ಅವಳಿಗೊಬ್ಬ ಬೇಕಾಗಿದ್ದ. ಕೋಲ್ಬಿ ಒಂದು ಬೇಸಿಗೆ ಅವರ ಹುಲ್ಲು ಕತ್ತರಿಸಿದವನು, ಮಾತ್ರೆಯ ಚಟ ಹತ್ತಿದವನೆಂದು ಎಲ್ಲರಿಗೂ ಗೊತ್ತಿದ್ದವನು. ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದ ಬೆರಳನ್ನು ಅವಳು ಎತ್ತಿದಳು. ಅವನು ಆಗ ಅವಳನ್ನೇ ನೋಡುತ್ತಿದ್ದ. ಅವಳು ಮಾತ್ರ ನೋಡಿದ್ದು ಟೈಯನ್ನು.

"ಏನೂ ತಕರಾರಿಲ್ಲ" ಎಂದು ಲೊವೆಲ್ ಬಂದ. "ನಿಮ್ಮ ಮೇಲೆ ಒಂದು ಚುಕ್ಕೆ ಇಲ್ಲ ಮಿಸ್ ವರ್ಲೀನ್. ಕನ್ನಡಿ ಇದ್ದ ಹಾಗೆ."

ಒಂದು ಪೊಟ್ಟಣ ಗುಂಡುಗಳನ್ನೂ ಜೇಬಿಗೆ ಹಾಕಿಕೊಳ್ಳುವ ಚರ್ಮದ ಚೀಲವೊಂದನ್ನೂ ಕೊಟ್ಟ. ಕುದುರೆಯನ್ನು ಮುಚ್ಚಿಡುವುದು ಅದರ ಕೆಲಸ. ಆಮೇಲೆ ಅವನು ಅವಳ ಕೋಟಿನ ಬಲಜೇಬನ್ನು ಖಾಲಿ ಮಾಡಿಸಿದ. ಪಿಸ್ತೂಲಿರುವ ಜೇಬಿನಲ್ಲಿ ಬೇರೆ ಏನೂ ಇರಕೂಡದು, ಒಂದು ಬೀಗದಕೈ, ಒಂದು ನಾಣ್ಯ ಕುದುರೆಯ ಸಂದಿಗೆ ಸಿಕ್ಕಿದರೂ ತೊಡೆಯೇ ಹೋದೀತು. ಅವಳು ಒಂದೊಂದಾಗಿ ತೆಗೆದು ಗಾಜಿನ ಮೇಲಿಟ್ಟಳು. ಪೆಪ್ಪರ್‌ಮಿಂಟು, ಕರವಸ್ತ್ರ, ಗಲಿಲಾಯ ತೋರಿಸುವ ಮೋಟು ಪೆನ್ಸಿಲ್, ಮಕ್ಕಳಿಗೆ ಕೊಟ್ಟು ಮಿಕ್ಕ ಒಂದು ಕಾಗದದ ನಕ್ಷತ್ರ. ಜೀವಮಾನವೆಲ್ಲ ಆ ಜೇಬು ಮಕ್ಕಳಿಗೆ ಏನಾದರೂ ಕೊಡುವ ಜೇಬಾಗಿತ್ತು. ಅವೆಲ್ಲವನ್ನೂ ಎಡಜೇಬಿಗೆ ತುಂಬಿಕೊಂಡು ಹೊರಗೆ ಬಂದಳು. ಕಾರಿನಲ್ಲಿ ಕೂತು, ತೊಡೆಯ ಮೇಲೆ ಕರವಸ್ತ್ರ ಹಾಸಿ, ಐದು ತೂತಿಗೂ ಐದು ಗುಂಡು ಹಾಕಿದಳು. ಬೆಳಕಿನ ಬಿಲ್ಲೆಗಳು ಒಂದೊಂದಾಗಿ ಆರಿದವು. ಧೈರ್ಯ ಬರಬೇಕಿತ್ತು, ಬರಲಿಲ್ಲ. ಕೋಟಿನ ಬಲಗಡೆ ಜಗ್ಗುವ ಭಾರ ಮಾತ್ರ ಬಂತು. ಹಾಯ್ಟ್ ಪಕ್ಕದಲ್ಲಿ ಕೂತು ತೋಳು ಹಿಡಿದುಕೊಂಡಿದ್ದರೆ ಹೀಗೇ ಜಗ್ಗುತ್ತಿತ್ತು ಎಂದುಕೊಂಡಳು, ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮನೆಯಲ್ಲಿ ಹಾಲಿರಲಿಲ್ಲ. ಪೀಚ್ ಹಣ್ಣಿನ ಡಬ್ಬಿಯೂ ಬೇಕಿತ್ತು, ಚರ್ಚಿನ ಊಟಕ್ಕೆ ಕಡುಬು ಮಾಡುತ್ತೇನೆಂದು ಒಪ್ಪಿಕೊಂಡಿದ್ದಳು. ದಿನಸಿ ಅಂಗಡಿಯೊಳಗೆ ಎಂದಿನಂತೆ ಎಲ್ಲರೂ ಮಾತಾಡಿಸಿದರು, ಮಂಡಿನೋವು ಹೇಗಿದೆ, ಚಳಿ ಬೇಗ ಬಂತಲ್ಲ. ಅವಳು ಎಲ್ಲರಿಗೂ ಎಡಭುಜ ಕೊಟ್ಟು ನಿಂತು ಉತ್ತರಿಸಿದಳು. ತಾನೀಗ ಬೇರೆಯೇ ಒಬ್ಬಳು, ಇವರಿಗೆ ಅದು ತಿಳಿಯುತ್ತಿಲ್ಲ ಎನಿಸಿತು. ಆಮೇಲೆ, ಇವರಲ್ಲಿ ಎಷ್ಟು ಜನರ ಜೇಬು ಹೀಗೇ ಜಗ್ಗುತ್ತಿದೆಯೋ ಎನಿಸಿತು. ದುಡ್ಡು ಕೊಡುವಾಗ ಎಡಗೈಯಲ್ಲಿ ತಡಕಾಡಿ ಪೆಪ್ಪರ್‌ಮಿಂಟು, ಪೆನ್ಸಿಲು ಎಲ್ಲ ನೆಲಕ್ಕೆ ಚೆಲ್ಲಿದಳು. ಹಿಂದಿನ ಸಾಲಿನವರು ಆಯ್ದು ಕೊಟ್ಟರು. ಆ ಗಡಿಬಿಡಿಯಲ್ಲಿ ಅವಳ ಸಾಮಾನಿನ ಚೀಲಗಳನ್ನು ಯಾರು ಎತ್ತಿಕೊಂಡರೆಂದು ಅವಳು ನೋಡಲಿಲ್ಲ. ವಯಸ್ಸಾದವರ ಚೀಲವನ್ನು ಅಂಗಡಿಯವರೇ ಕಾರಿನವರೆಗೆ ಹೊತ್ತು ತರುವುದು ಈ ಊರಿನ ಪದ್ಧತಿ, ಬೇಡವೆಂದರೆ ಅವರಿಗೆ ಅವಮಾನ. ಅವಳು ಮುಂದೆ ನಡೆದಳು, ಹೆಜ್ಜೆಗಳು ಹಿಂದೆ ಬಂದವು.

"ಹಿಂದಿನ ಸೀಟಾ ಅಮ್ಮಾ, ಡಿಕ್ಕೀಲಿಡ್ಲಾ?"

ಕೋರ್ಟಿನಲ್ಲಿ ಆ ದನಿ ಒಂದೇ ಮಾತು ಆಡಿತ್ತು. ನಾನಲ್ಲ ಅಮ್ಮಾ. ವಕೀಲ ಅವನನ್ನು ಗದರಿ ಕೂರಿಸಿದ್ದ. ವರ್ಲೀನ್ ತಿರುಗಿದಾಗ ಕಂಡದ್ದು ಅಂಗಡಿಯ ಹಸಿರು ಏಪ್ರನ್ನು, ಎರಡು ಕಂಕುಳಲ್ಲಿ ಎರಡು ಕಾಗದದ ಚೀಲ, ಅವುಗಳ ನಡುವೆ ಕೋಲ್ಬಿ. ತಲೆಗೂದಲು ಮುಂದೆ ಅರ್ಧ ಹೋಗಿತ್ತು. ಅವಳ ಬಲಗೈ ಜೇಬಿನೊಳಕ್ಕೆ ಹೋಯಿತು. ಅವಳು ಕಳಿಸಲಿಲ್ಲ, ಅದೇ ಹೋಯಿತು.

"ನಾನೇ ತರ್ತೀನಿ ಅಂದೆ" ಎಂದ ಅವನು, ಕಣ್ಣು ಚೀಲದ ಮೇಲಿಟ್ಟು. "ಬೇರೆಯವ್ರು ತರ್ತಿದ್ರು, ನಾನೇ ಕೇಳಿ ಇಸ್ಕೊಂಡೆ. ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತಮ್ಮಾ. ದೊಡ್ಡದೇನಲ್ಲ. ಒಳಗಿದ್ದಾಗಿಂದ ಅಂದ್ಕೊಂಡಿದ್ದೆ…"

ಹೇಳುತ್ತ ಕಣ್ಣೆತ್ತಿದವನು ಅವಳ ಮುಖವನ್ನು ನೋಡುವ ಮೊದಲು ಅವಳ ಕೋಟಿನ ಬಲಗಡೆಯನ್ನು ನೋಡಿದ. ಬಟ್ಟೆಯ ಒಳಗಿನ ಮುಷ್ಟಿಯನ್ನು ನೋಡಿದ. ಅವನು ಇದ್ದು ಬಂದ ಜಾಗದಲ್ಲಿ ಎದುರಿನವರ ಕೈ ಎಲ್ಲಿದೆಯೆಂದು ನೋಡಿದ ಮೇಲೆಯೇ ಮುಖ ನೋಡುವುದಿರಬೇಕು. ಮಾತು ಅಲ್ಲೇ ನಿಂತಿತು. ಚೀಲಗಳು ಕಂಕುಳಿಂದ ಜಾರಿದವು. ಹಾಲಿನ ಡಬ್ಬ ಒಡೆಯಿತು. ಅವನ ಎರಡೂ ಕೈಗಳು ನಿಧಾನ, ಬಹಳ ನಿಧಾನ, ಕಿವಿಯ ಎತ್ತರಕ್ಕೆ ಏರಿದವು, ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು.

"ಸರಿ ಅಮ್ಮಾ. ಸರಿ. ಏನೂ ಇಲ್ಲ. ಹಿಂದಕ್ಕೆ ಹೋಗ್ತೀನಿ."

ಅವನ ತುಟಿ ಒಣಗಿತ್ತು. ಅವನು ಹೆದರಿದ್ದಾನೆ ಎಂಬುದು ಅವಳಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ತನ್ನನ್ನು ಕಂಡು, ಚರ್ಚಿನ ಬೂಟು ಹಾಕಿದ ಈ ಮುದುಕಿಯನ್ನು ಕಂಡು, ಒಬ್ಬ ಆಳೆತ್ತರದ ಗಂಡಸು ನಡುಗುತ್ತಿದ್ದಾನೆ. ಇಷ್ಟು ದಿನ ತನ್ನದೆಂದು ಹೊತ್ತು ತಿರುಗಿದ ಹೆದರಿಕೆ ಅವನ ಮುಖದ ಮೇಲಿತ್ತು. ಅಲ್ಲ, ಏನಿಲ್ಲಪ್ಪ, ಕೈ ಇಳಿಸು ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಪೀಚ್ ಹಣ್ಣಿನ ಡಬ್ಬಿಯೊಂದು ಇಳಿಜಾರಿನಲ್ಲಿ ಉರುಳುತ್ತ ಹೋಗಿ, ಆಗ ತಾನೇ ಬಂದು ನಿಂತ ಟ್ರಕ್ಕಿನ ಚಕ್ರಕ್ಕೆ ಬಡಿಯಿತು. ಟ್ರಕ್ಕಿನ ಬಾಗಿಲು ತೆರೆದು ಇಳಿದವನು ಗಾರ್ಲೆಂಡ್. ಅವನು ಡಬ್ಬಿಯನ್ನು ನೋಡಿದ, ಚೆಲ್ಲಿದ ಹಾಲನ್ನು ನೋಡಿದ, ಎತ್ತಿದ ಕೈಗಳನ್ನು ನೋಡಿದ. ಕೈ ಎತ್ತಿ ನಿಂತವನು ಏನೂ ಮಾಡದೆ ಕೈ ಎತ್ತಿರುತ್ತಾನೆ ಎಂದು ಈ ಊರಲ್ಲಿ ಯಾರು ತಾನೇ ನಂಬುತ್ತಾರೆ. ಗಾರ್ಲೆಂಡ್‌ನ ಬಲಗೈ ಬಲಜೇಬಿಗೆ ಹೋಯಿತು.

"ಸಿಸ್ಟರ್! ಏನ್ ಮಾಡ್ದ ಇವ್ನು?"

ಅಂಗಡಿಯ ಬಾಗಿಲಲ್ಲಿ ಜನ ನಿಂತರು. ತಳ್ಳುಗಾಡಿಗಳು ನಿಂತವು. ಮತ್ತೊಬ್ಬ ಯಾರೋ, ದೂರದ ಕಾರಿನ ಬಳಿ, ತನ್ನ ಕೋಟಿನ ಗುಂಡಿ ಬಿಚ್ಚುತ್ತಿದ್ದ.

"ನಾನೇನೂ ಮಾಡಿಲ್ಲ ಸರ್" ಎಂದ ಕೋಲ್ಬಿ. ತಲೆ ತಿರುಗಿಸಲಿಲ್ಲ, ದನಿ ಏರಿಸಲಿಲ್ಲ.

"ನಿನ್ನ ಕೇಳ್ಲಿಲ್ಲ. ಬಾಯ್ ಮುಚ್ಕೊಂಡು ನಿಂತ್ಕೋ." ಗಾರ್ಲೆಂಡ್ ಎರಡು ಹೆಜ್ಜೆ ಹತ್ತಿರ ಬಂದ. ಅವನ ಜೇಬಿನ ಬಟ್ಟೆ ಮೇಲಕ್ಕೆ ಸರಿಯುತ್ತಿತ್ತು, ಒಳಗಿನದು ಹೊರಬರುವುದರಲ್ಲಿತ್ತು. "ಹೆದ್ರಬೇಡಿ ಸಿಸ್ಟರ್. ನಾವೆಲ್ಲ ಇದೀವಿ. ಕೈ ಮಾಡೋಕೆ ಬಂದ್ನಾ? ನೀವು ಬರೀ ಹೌದು ಅನ್ನಿ ಸಾಕು."

ಬರೀ ಹೌದು ಅನ್ನಿ ಸಾಕು. ಅನ್ನದಿದ್ದರೂ ಸಾಕು ಎಂದು ಅವಳಿಗೆ ಹೊಳೆಯಿತು. ಅವತ್ತೂ ಅವಳು ಬಾಯಿ ಬಿಟ್ಟು ಏನೂ ಅಂದಿರಲಿಲ್ಲ. ಒಂದು ಬೆರಳು, ಉಳಿದದ್ದೆಲ್ಲ ಸುಮ್ಮನಿದ್ದದ್ದು. ಈಗಲೂ ಸುಮ್ಮನೆ ನಿಂತರೆ ಉಳಿದದ್ದನ್ನು ಊ‍ರು ತಾನೇ ಮಾಡಿ ಮುಗಿಸುತ್ತದೆ, ಆಮೇಲೆ ಅವಳ ಮನೆಗೆ ಯಾರೂ ಬರುವುದಿಲ್ಲ, ಫ್ರಿಜ್ಜಿನ ಬಲ್ಬು ಮತ್ತೆ ಹಾಕಬಹುದು. ಈ ಯೋಚನೆ ತನ್ನದೇ ತಲೆಯಲ್ಲಿ, ತನ್ನದೇ ದನಿಯಲ್ಲಿ ಹಾದುಹೋದದ್ದನ್ನು ಅವಳು ಸ್ಪಷ್ಟವಾಗಿ ಕೇಳಿಸಿಕೊಂಡಳು.  ನೋಡಬೇಕು ಎಂದುಕೊಂಡಳು. ಯಾರು ಕೊಟ್ಟರೂ ನೋಡಬೇಕು.

ನೋಡಿದಳು. ಬೂದು ಕಣ್ಣು, ಒಂದು ಹುಬ್ಬನ್ನು ಕಡಿದು ಹೋದ ಹಳೆಯ ಗಾಯ, ಮೂಗಿನ ಮೇಲೆ ಬೆವರು, ಸರಿಯಾಗಿ ಕ್ಷೌರವಾಗದ ಗದ್ದದಲ್ಲಿ ನಾಲ್ಕು ಬಿಳಿ ಕೂದಲು. ಹಗಲಿನ ಬೆಳಕಿನಲ್ಲಿ, ಒಂದು ತೋಳಿನ ಅಂತರದಲ್ಲಿ, ನೋಡಲೆಂದೇ ನೋಡಿದ್ದು ಮೊದಲ ಸಲ. ಅಡುಗೆಮನೆಯ ಆ ಸಂಜೆಯನ್ನು ಕರೆದಳು. ಅದು ಬಂತು, ಹಳದಿ ಬೆಳಕು ಬಂತು, ಹೆಗಲು ಬಂತು, ತಿರುಗಿತು. ಈ ಮುಖ ಅಲ್ಲಿಗೆ ಹೊಂದಲೂ ಇಲ್ಲ, ಹೊಂದದೆಯೂ ಇರಲಿಲ್ಲ. ಅಲ್ಲಿ ಮುಖವೇ ಇರಲಿಲ್ಲ.

"ಸಿಸ್ಟರ್?"

"ನಾನು ನೋಡಿಲ್ಲ" ಎಂದಳು ವರ್ಲೀನ್.

"ಏನ್ ನೋಡಿಲ್ಲ? ನಿಮ್ಮೆದುರಿಗೇ ನಿಂತಿದಾನಲ್ಲ."

"ಅವತ್ತು ನೋಡಿಲ್ಲ ಗಾರ್ಲೆಂಡ್. ನಾನು ಯಾರನ್ನೂ ನೋಡಿಲ್ಲ. ಹೆಗಲು ನೋಡ್ದೆ. ಮುಖ ನೋಡ್ಲೇ ಇಲ್ಲ." ದನಿ ತಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಹೊರಟು ಅಂಗಡಿಯ ಬಾಗಿಲಿನವರೆಗೂ ಹೋಯಿತು. "ಇವತ್ತೂ ಇವ್ನು ಏನೂ ಮಾಡಿಲ್ಲ. ಚೀಲ ತಂದ, ಅಷ್ಟೇ. ಜೇಬಿಂದ ಕೈ ತೆಗಿ ನೀನು."

ಗಾರ್ಲೆಂಡ್ ಅವಳನ್ನು, ಅವನನ್ನು, ಮತ್ತೆ ಅವಳನ್ನು ನೋಡಿದ. ಪಾಪ, ಗಾಬರಿಯಲ್ಲಿ ಮಾತಾಡುತ್ತಿದ್ದಾಳೆ ಎಂದು ಪಕ್ಕದವರಿಗೆ ಹೇಳಿದ. ಅವಳು ಹೇಳಿದ್ದು ಇವರಲ್ಲಿ ಯಾರ ಕಿವಿಗೂ ಇಳಿಯಲಿಲ್ಲ, ಇಳಿಯುವುದೂ ಇಲ್ಲ ಎಂದು ಅವಳಿಗೆ ಗೊತ್ತಾಯಿತು. ಒಬ್ಬನ ಕಿವಿಗೆ ಇಳಿದಿತ್ತು. ಕೋಲ್ಬಿಯ ಬೂದು ಕಣ್ಣುಗಳು ತುಂಬಿ, ಗದ್ದ ಅಲುಗುತ್ತಿತ್ತು. ಅವನು ಹೇಳಬೇಕೆಂದಿದ್ದ ಮಾತು ಏನಿತ್ತೋ, ಈಗ ಅದನ್ನು ಕೇಳುವ ಬಾಯಿ ತನಗಿಲ್ಲ ಎಂದುಕೊಂಡಳು. ಗಾರ್ಲೆಂಡ್‌ನ ಕೈ ಹೊರಬಂತು, ಬರಿದಾಗಿಯೇ ಬಂತು. ದೂರದವನು ಕೋಟಿನ ಗುಂಡಿ ಹಾಕಿಕೊಂಡ. ಜನ ಕರಗಿದರು. ಕೋಲ್ಬಿ ಮಾತ್ರ ಹಾಗೇ ನಿಂತಿದ್ದ, ಕೈ ಎತ್ತಿಕೊಂಡು, ಬೆರಳು ಬಿಚ್ಚಿಕೊಂಡು. ಹಾಲು ಅವನ ಬೂಟಿನ ಸುತ್ತ ಹರಡಿತ್ತು.

"ಇಳ್ಸಪ್ಪ" ಎಂದಳು.

ಅವನು ಇಳಿಸಲಿಲ್ಲ. ಅವನ ಕಣ್ಣು ಅವಳ ಕೋಟಿನ ಬಲಗಡೆಯಿಂದ ಕದಲಿರಲಿಲ್ಲ. ಅವಳು ಎಡಗೈ ಚಾಚಿ, ತಣ್ಣಗೆ ಕೊರೆಯುತ್ತಿದ್ದ ಅವನ ಮಣಿಕಟ್ಟನ್ನು ಹಿಡಿದು, ಮಲಗಿದ ಮಗುವಿನ ಕೈ ಸರಿಸುವ ಹಾಗೆ ಕೆಳಗಿಳಿಸಿದಳು. ಆಮೇಲೆ ಇನ್ನೊಂದನ್ನು. ಬಲಗೈಯನ್ನೂ ಹೊರತೆಗೆಯಬೇಕೆಂದು ಅವಳು ಬೆರಳುಗಳಿಗೆ ಹೇಳಿದಳು, ಮತ್ತೆ ಹೇಳಿದಳು. ಕೈ ಇನ್ನೂ ಜೇಬಿನಲ್ಲೇ ಇತ್ತು.